ಒಂದು ಕಿಲೋ ತೂಗದ ಕೂಸು: ಮಿದುಳಿನ ಬೆಳವಣಿಗೆಯ ಲೆಕ್ಕ

2024ರ ಜುಲೈಯಲ್ಲಿ ಅಮೆರಿಕದ ಅಯೋವಾ ರಾಜ್ಯದಲ್ಲಿ, ಗರ್ಭಕ್ಕೆ 21 ವಾರವಷ್ಟೇ ತುಂಬಿದ್ದಾಗ ಒಂದು ಗಂಡುಮಗು ಹುಟ್ಟಿತು. ತೂಕ 283 ಗ್ರಾಂ. ಮಗು ಉಳಿಯಿತು, ವರ್ಷ ತುಂಬಿತು, ಗಿನ್ನೆಸ್ ದಾಖಲೆಗೂ ಸೇರಿತು. ನಮ್ಮ ಪತ್ರಿಕೆಗಳಲ್ಲೂ ‘ಅಂಗೈಯಗಲದ ಕೂಸಿಗೆ ಮರುಜೀವ’ ಎಂಬ ಸುದ್ದಿ ಆಗಾಗ ಬರುತ್ತದೆ. ಅದರ ಬೆನ್ನಿಗೇ ಇನ್ನೊಂದು ಬಗೆಯ ಸುದ್ದಿಯೂ ಇರುತ್ತದೆ: ದಿನ ತುಂಬದೆ ಹುಟ್ಟಿದ ಮಕ್ಕಳು ಕಲಿಕೆಯಲ್ಲಿ ಹಿಂದೆ, ಗಮನ ನಿಲ್ಲುವುದಿಲ್ಲ, ಕೈಕಾಲು ಬಿಗಿಯುತ್ತವೆ. ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಬಾಗಿಲ ಹೊರಗೆ ಕುಳಿತ ತಂದೆತಾಯಿಗೆ ಇವೆರಡರಲ್ಲಿ ಯಾವುದನ್ನು ನಂಬಬೇಕೆಂದು ತಿಳಿಯುವುದಿಲ್ಲ. ನಂಬಬೇಕಾದದ್ದು ಎರಡನ್ನೂ. ಒಂದು ಮಗುವಿಗೆ ಯಾವುದು ಅನ್ವಯವಾಗುತ್ತದೆ ಎಂಬುದು ಹುಟ್ಟಿದ ದಿನ ತೂಗಿದ ಗ್ರಾಂಗಳಿಂದಷ್ಟೇ ತೀರ್ಮಾನವಾಗುವುದಿಲ್ಲ. ಅದು ಹೆರಿಗೆಗೆ ಮುಂಚಿನ ಕೆಲವು ಗಂಟೆ, ನಂತರದ ಕೆಲವು ವಾರ, ಮನೆಗೆ ಬಂದ ಮೇಲಿನ ಎರಡು ವರ್ಷಗಳ ಮೇಲೆ ನಿಂತಿದೆ.

ಒಂದೇ ಅಂಕಿ, ಎರಡು ಶೀರ್ಷಿಕೆ

ಗೊಂದಲ ಎಲ್ಲಿಂದ ಹುಟ್ಟುತ್ತದೆ ಎಂಬುದಕ್ಕೆ ಸ್ವೀಡನ್ನಿನ ಒಂದು ಅಧ್ಯಯನ ಒಳ್ಳೆಯ ನಿದರ್ಶನ. 2004ರಿಂದ 2007ರ ನಡುವೆ ಆ ದೇಶದಲ್ಲಿ 27 ವಾರಕ್ಕೂ ಮೊದಲು ಹುಟ್ಟಿದ ಎಲ್ಲ ಮಕ್ಕಳನ್ನೂ ವೈದ್ಯರು ಹಿಂಬಾಲಿಸಿದರು. ಜೀವಂತ ಹುಟ್ಟಿದವರಲ್ಲಿ ಶೇ 70ರಷ್ಟು ಮಕ್ಕಳು ಮೊದಲ ವರ್ಷ ದಾಟಿದರು. ಎರಡೂವರೆ ವರ್ಷಕ್ಕೆ ಪರೀಕ್ಷಿಸಿದಾಗ ಶೇ 42 ಮಕ್ಕಳಲ್ಲಿ ಯಾವ ತೊಂದರೆಯೂ ಇರಲಿಲ್ಲ. ಶೇ 31 ಮಕ್ಕಳಲ್ಲಿ ಅಲ್ಪ, ಶೇ 16ರಲ್ಲಿ ಮಧ್ಯಮ, ಶೇ 11ರಲ್ಲಿ ತೀವ್ರ ನ್ಯೂನತೆ ಕಂಡಿತು.

ಈ ಅಂಕಿ ಹಿಡಿದು ‘ನಾಲ್ವರಲ್ಲಿ ಸುಮಾರು ಮೂವರು ಚೆನ್ನಾಗಿದ್ದಾರೆ’ ಎಂದು ಬರೆಯಬಹುದು. ‘ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ತೊಂದರೆ’ ಎಂದೂ ಬರೆಯಬಹುದು. ಲೆಕ್ಕ ಎರಡರಲ್ಲೂ ಸರಿಯಾಗಿದೆ. ಅದೇ ಮಕ್ಕಳನ್ನು ಆರೂವರೆ ವರ್ಷಕ್ಕೆ ಮತ್ತೆ ನೋಡಿದಾಗ ಮಧ್ಯಮ ಮತ್ತು ತೀವ್ರ ತೊಂದರೆಯವರ ಪಾಲು ಶೇ 27ರಿಂದ ಸುಮಾರು ಶೇ 34ಕ್ಕೆ ಏರಿತ್ತು. ಇದಕ್ಕೆ ಒಂದು ಮುಖ್ಯ ಕಾರಣವಿದೆ. ಎರಡೂವರೆ ವರ್ಷದ ಮಗುವಿನಿಂದ ನಾವು ಬಯಸುವುದು ನಡಿಗೆ, ನಾಲ್ಕು ಮಾತು. ಆರು ವರ್ಷಕ್ಕೆ ಅದು ಗಮನ ನಿಲ್ಲಿಸಬೇಕು, ನೆನಪಿಟ್ಟುಕೊಳ್ಳಬೇಕು, ಎರಡು ಸೂಚನೆಗಳನ್ನು ಒಂದಾದ ಮೇಲೊಂದು ಪಾಲಿಸಬೇಕು. ಮಿದುಳಿನ ಕೆಲವು ಕೊರತೆಗಳು ಅಂಥ ಕೆಲಸ ಒಪ್ಪಿಸಿದಾಗ ಮಾತ್ರ ಹೊರಗೆ ಕಾಣುತ್ತವೆ. ಆದ್ದರಿಂದ ಒಂದು ವರ್ಷಕ್ಕೆ ‘ಎಲ್ಲ ಸರಿಯಾಗಿದೆ’ ಎಂದು ತಪಾಸಣೆ ನಿಲ್ಲಿಸುವುದು ತಪ್ಪು.

ತೂಕ ಒಂದೇ, ಕಾರಣ ಬೇರೆ

2,500 ಗ್ರಾಂಗಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಮಗು. 1,500ಕ್ಕಿಂತ ಕೆಳಗೆ ಅತಿ ಕಡಿಮೆ, 1,000ಕ್ಕಿಂತ ಕೆಳಗೆ ತೀರಾ ಕಡಿಮೆ. ಅವಧಿಯ ಲೆಕ್ಕ ಬೇರೆಯೇ ಇದೆ: 37 ವಾರಕ್ಕೆ ಮೊದಲು ಹುಟ್ಟಿದರೆ ಅವಧಿಪೂರ್ವ, 32ಕ್ಕೆ ಮೊದಲಾದರೆ ಬಹಳ ಮುಂಚೆ, 28ಕ್ಕೆ ಮೊದಲಾದರೆ ತೀರಾ ಮುಂಚೆ. ಸುದ್ದಿಯಲ್ಲಿ ತೂಕ ದಪ್ಪಕ್ಷರದಲ್ಲಿ ಬರುತ್ತದೆ, ವಾರ ಬಹಳ ಸಲ ಬರುವುದೇ ಇಲ್ಲ. ಮಿದುಳಿನ ಮಟ್ಟಿಗೆ ಮೊದಲು ಕೇಳಬೇಕಾದದ್ದು ವಾರವನ್ನು.

1,300 ಗ್ರಾಂನ ಎರಡು ಮಕ್ಕಳಿವೆ ಎಂದುಕೊಳ್ಳಿ. ಒಂದು 29 ವಾರಕ್ಕೆ ಹುಟ್ಟಿದೆ, ಆ ವಾರಕ್ಕೆ ಆ ತೂಕ ಸಹಜ. ಇನ್ನೊಂದು 35 ವಾರಕ್ಕೆ ಹುಟ್ಟಿದೆ, ಅಂದರೆ ಗರ್ಭದಲ್ಲೇ ಅದಕ್ಕೆ ಸಾಕಷ್ಟು ಪೋಷಣೆ ಸಿಕ್ಕಿಲ್ಲ. ಮೊದಲನೆಯದಕ್ಕೆ ಮಿದುಳಿನ ರಕ್ತಸ್ರಾವದ, ಉಸಿರಾಟದ ಅಪಾಯ ಹೆಚ್ಚು. ಎರಡನೆಯದರ ಶ್ವಾಸಕೋಶ, ರಕ್ತನಾಳಗಳು ಬಹುಮಟ್ಟಿಗೆ ಬಲಿತಿವೆ, ಆದರೆ ಕೊಬ್ಬಿನ ದಾಸ್ತಾನಿಲ್ಲ, ಸಕ್ಕರೆ ಅಂಶ ಬೇಗ ಕುಸಿಯುತ್ತದೆ, ಮೈ ಬೇಗ ತಣ್ಣಗಾಗುತ್ತದೆ. ರಕ್ತದ ಸಕ್ಕರೆ ಬಹಳ ಹೊತ್ತು ಕೆಳಗಿದ್ದರೂ ಮಿದುಳಿಗೆ ಪೆಟ್ಟು ಬೀಳುತ್ತದೆ. ದಕ್ಷಿಣ ಏಷ್ಯಾದಲ್ಲಿ ಕಡಿಮೆ ತೂಕದ ಮಕ್ಕಳಲ್ಲಿ ಹೆಚ್ಚಿನವರು ದಿನ ತುಂಬಿಯೇ ಹುಟ್ಟಿದವರು. ತಾಯಿಯ ರಕ್ತಹೀನತೆ, ಅಪೌಷ್ಟಿಕತೆ, ರಕ್ತದೊತ್ತಡ, ಮೇಲಿಂದ ಮೇಲೆ ಬಸಿರು ಇದರ ಹಿಂದಿವೆ. ಇತ್ತ ಅವಧಿಪೂರ್ವ ಹೆರಿಗೆಗಳೂ ಕಡಿಮೆಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಇತರರ ಅಂದಾಜಿನಂತೆ 2020ರಲ್ಲಿ ಭಾರತದಲ್ಲಿ ಸುಮಾರು 30 ಲಕ್ಷ ಮಕ್ಕಳು ದಿನ ತುಂಬುವ ಮೊದಲೇ ಹುಟ್ಟಿದವು. ಅದು ಜಗತ್ತಿನ ಯಾವುದೇ ದೇಶಕ್ಕಿಂತ ಹೆಚ್ಚು.

ಏಳು ತಿಂಗಳ ಕೂಸು ಉಳಿಯುತ್ತದೆ, ಎಂಟು ತಿಂಗಳದ್ದು ಉಳಿಯುವುದಿಲ್ಲ ಎಂಬ ಮಾತು ನಮ್ಮಲ್ಲಿ ಇನ್ನೂ ಓಡಾಡುತ್ತಿದೆ. ಅದಕ್ಕೆ ಯಾವ ಆಧಾರವೂ ಇಲ್ಲ. ಒಳಗೆ ಕಳೆದ ಪ್ರತಿಯೊಂದು ವಾರವೂ ಮಗುವಿನ ಪಾಲಿಗೆ ಲಾಭವೇ.

ಕೊನೆಯ ಹನ್ನೆರಡು ವಾರ

24–26 ವಾರದ ಭ್ರೂಣದ ಮಿದುಳಿನ ಮೇಲ್ಮೈ ಹೆಚ್ಚುಕಡಿಮೆ ನುಣುಪಾಗಿರುತ್ತದೆ. ದೊಡ್ಡವರ ಮಿದುಳಿನ ಚಿತ್ರದಲ್ಲಿ ಕಾಣುವ ಮಡಿಕೆಗಳು ಬಹುಪಾಲು ಮೂಡುವುದು ಆಮೇಲೆ. 29 ವಾರದಿಂದ 41 ವಾರದೊಳಗೆ ಮಿದುಳಿನ ಹೊರಪದರದ ಗಾತ್ರ ಸುಮಾರು ನಾಲ್ಕು ಪಟ್ಟಾಗುತ್ತದೆ. 34 ವಾರಕ್ಕೆ ಹುಟ್ಟಿದ, ನೋಡಲು ಗಟ್ಟಿಮುಟ್ಟಾಗಿರುವ ಮಗುವಿನ ಮಿದುಳಿನ ತೂಕವೂ ದಿನ ತುಂಬಿದ ಮಗುವಿನದರ ಶೇ 65ರಷ್ಟು ಮಾತ್ರ. ಸಮತೋಲನ, ಚಲನೆ, ಭಾಷೆಯ ಲಯ ಎಲ್ಲಕ್ಕೂ ಬೇಕಾದ ಕಿರುಮಿದುಳು ಅತಿ ವೇಗವಾಗಿ ಬೆಳೆಯುವುದೂ ಇದೇ ಅವಧಿಯಲ್ಲಿ. ಕಣ್ಣು, ಕಿವಿ, ಚರ್ಮದಿಂದ ಬರುವ ನರತಂತುಗಳು ಮಿದುಳಿನ ಒಳಭಾಗದಿಂದ ಹೊರಪದರಕ್ಕೆ ಹೋಗಿ ನೆಲೆ ಹಿಡಿಯುವುದೂ ಆಗಲೇ.

28 ವಾರಕ್ಕೆ ಹುಟ್ಟಿದ ಮಗುವಿಗೆ ಈ ಕೆಲಸವೆಲ್ಲ ನಡೆಯಬೇಕಾದ ಜಾಗ ಎನ್‌ಐಸಿಯು. ಕತ್ತಲು, ಬೆಚ್ಚನೆಯ ನೀರು, ತಾಯಿಯ ದನಿ, ಹೊಕ್ಕುಳಬಳ್ಳಿಯಿಂದ ಬಿಡದೆ ಹರಿಯುವ ಆಹಾರ ಇದ್ದ ಕಡೆ ಈಗ ಟ್ಯೂಬ್‌ಲೈಟು, ಮಾನಿಟರಿನ ಅಲಾರಂ, ದಿನಕ್ಕೆ ಹಲವು ಸಲ ಹಿಮ್ಮಡಿಗೆ ಸೂಜಿ. ಒಂದೇ ಒಂದು ದೊಡ್ಡ ಅವಘಡ ನಡೆಯದೆಯೂ ಮಿದುಳಿನ ಬೆಳವಣಿಗೆ ತಗ್ಗಬಹುದು. ಪೋಷಣೆಯ ಕೊರತೆ, ಸೋಂಕು, ಮೇಲಿಂದ ಮೇಲೆ ಆಮ್ಲಜನಕ ಏರಿಳಿಯುವುದು, ನೋವು ಎಲ್ಲ ಸೇರಿ ಅದರ ವೇಗ ಕುಗ್ಗಿಸುತ್ತವೆ.

ಮೊದಲ 72 ಗಂಟೆ

ಮಿದುಳಿನ ನಡುವೆ ದ್ರವ ತುಂಬಿದ ಕೋಣೆಗಳಿವೆ, ಅವನ್ನು ವೆಂಟ್ರಿಕಲ್ ಎನ್ನುತ್ತಾರೆ. ಅವುಗಳ ಗೋಡೆಗೆ ತಾಗಿಕೊಂಡು ಹೊಸ ಮಿದುಳುಕೋಶಗಳು ಹುಟ್ಟುವ ಒಂದು ಪದರವಿರುತ್ತದೆ, ಅದರ ಹೆಸರು ಜರ್ಮಿನಲ್ ಮೇಟ್ರಿಕ್ಸ್. ಕೆಲಸ ಜೋರಾಗಿ ನಡೆಯುವ ಜಾಗವಾದ್ದರಿಂದ ಅಲ್ಲಿಗೆ ರಕ್ತ ಹೇರಳವಾಗಿ ಬೇಕು. ಆದರೆ ಅಲ್ಲಿನ ರಕ್ತನಾಳಗಳು ತಾತ್ಕಾಲಿಕ. ಗೋಡೆ ತೆಳು, ಆಧಾರಕ್ಕೆ ಸ್ನಾಯು ಇಲ್ಲ. 32–34 ವಾರದ ಹೊತ್ತಿಗೆ ಆ ಪದರ ತಾನಾಗಿಯೇ ಕರಗಿಹೋಗುತ್ತದೆ. ಅದಕ್ಕೂ ಮೊದಲೇ ಹುಟ್ಟಿದ ಮಗುವಿನಲ್ಲಿ ಅದು ಹಾಗೇ ಉಳಿದಿರುತ್ತದೆ.

ದೊಡ್ಡವರಲ್ಲಿ ರಕ್ತದೊತ್ತಡ ಏರಿಳಿದರೂ ಮಿದುಳಿಗೆ ಹೋಗುವ ರಕ್ತ ಒಂದೇ ಮಟ್ಟದಲ್ಲಿ ಇರುವಂತೆ ನಾಳಗಳು ನೋಡಿಕೊಳ್ಳುತ್ತವೆ. ಈ ಪುಟ್ಟ ಮಗುವಿನಲ್ಲಿ ಆ ನಿಯಂತ್ರಣ ಇನ್ನೂ ಬಂದಿಲ್ಲ. ಒತ್ತಡ ಏರಿದರೆ ಹರಿವೂ ಏರುತ್ತದೆ, ಇಳಿದರೆ ಇಳಿಯುತ್ತದೆ. ಸಲೈನ್ ವೇಗವಾಗಿ ಬಿಟ್ಟರೆ, ವೆಂಟಿಲೇಟರ್ ಹೊಂದಾಣಿಕೆ ತಪ್ಪಿ ಇಂಗಾಲದ ಡೈಆಕ್ಸೈಡ್ ಏರಿದರೆ, ಎದೆಯಲ್ಲಿ ಗಾಳಿ ಸೋರಿದರೆ, ಆ ತೆಳು ನಾಳ ಒಡೆಯಬಹುದು. ಹೀಗಾಗುವ ರಕ್ತಸ್ರಾವದ ಬಹುಪಾಲು ಮೊದಲ ಮೂರು ದಿನಗಳಲ್ಲೇ ನಡೆಯುತ್ತದೆ. ಅದಕ್ಕೇ ಒಳ್ಳೆಯ ಘಟಕಗಳು ಆ 72 ಗಂಟೆ ತೀರಾ ಚಿಕ್ಕ ಮಕ್ಕಳನ್ನು ಆದಷ್ಟು ಅಲುಗಿಸುವುದಿಲ್ಲ. ತಲೆಯನ್ನು ನೇರವಾಗಿ ನಡುವೆ ಇಡುತ್ತಾರೆ, ಏಕೆಂದರೆ ಕತ್ತು ಒಂದು ಕಡೆಗೆ ಪೂರ್ತಿ ಹೊರಳಿದರೆ ಆ ಬದಿಯ ರಕ್ತನಾಳ ಒತ್ತಿ, ತಲೆಯಿಂದ ರಕ್ತ ಇಳಿಯುವುದು ತಡೆಯಾಗುತ್ತದೆ. ಡೈಪರ್ ಬದಲಿಸುವಾಗ ಕಾಲುಗಳನ್ನು ಮೇಲೆತ್ತುವುದಿಲ್ಲ. ಮೈಯ ಉಷ್ಣತೆ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಒಳಗೇ ಇರುವಂತೆ ನೋಡಿಕೊಳ್ಳುತ್ತಾರೆ.

ರಕ್ತಸ್ರಾವವನ್ನು ನಾಲ್ಕು ದರ್ಜೆಗಳಲ್ಲಿ ಹೇಳುತ್ತಾರೆ. ಒಂದನೆಯದು ಆ ಪದರದೊಳಗೇ ಉಳಿದದ್ದು. ಎರಡನೆಯದು ಕೋಣೆಯೊಳಗೆ ಬಂದದ್ದು. ಮೂರನೆಯದರಲ್ಲಿ ಕೋಣೆ ಉಬ್ಬಿರುತ್ತದೆ. ನಾಲ್ಕನೆಯದರಲ್ಲಿ ಪಕ್ಕದ ಮಿದುಳಿಗೂ ಹಾನಿಯಾಗಿರುತ್ತದೆ. ‘ತಲೆಯಲ್ಲಿ ರಕ್ತ ಬಂದಿದೆ’ ಎಂಬ ಮಾತು ಕೇಳಿಯೇ ಹೆತ್ತವರ ಎದೆ ಒಡೆಯುತ್ತದೆ. ಮೊದಲ ಎರಡು ದರ್ಜೆಯ ಹೆಚ್ಚಿನ ಮಕ್ಕಳು ರಕ್ತಸ್ರಾವವೇ ಆಗದ, ಅಷ್ಟೇ ವಾರದ ಮಕ್ಕಳ ಹಾಗೆಯೇ ಬೆಳೆಯುತ್ತವೆ. ಮೂರು ಮತ್ತು ನಾಲ್ಕರಲ್ಲಿ ಅಪಾಯ ನಿಜಕ್ಕೂ ಹೆಚ್ಚು. ಕೋಣೆಗಳಲ್ಲಿ ದ್ರವ ಕಟ್ಟಿಕೊಂಡು ತಲೆ ದೊಡ್ಡದಾಗುವ ಸಂಭವವೂ ಇದೆ. ಆದ್ದರಿಂದ ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ ಹೀಗಿರಲಿ: ಯಾವ ದರ್ಜೆ, ಒಂದು ಕಡೆಯೋ ಎರಡೂ ಕಡೆಯೋ, ಮುಂದಿನ ಸ್ಕ್ಯಾನ್ ಯಾವಾಗ?

ಕಾಲುಗಳೇ ಏಕೆ ಬಿಗಿಯುತ್ತವೆ?

ಎರಡನೆಯ ಬಗೆಯ ಹಾನಿ ಸದ್ದಿಲ್ಲದೆ ಬರುತ್ತದೆ. ನರತಂತುಗಳ ಸುತ್ತ ಮಯಲಿನ್ ಎಂಬ ಹೊದಿಕೆ ಇರುತ್ತದೆ. ವಿದ್ಯುತ್ ತಂತಿಯ ಮೇಲಿನ ಪ್ಲಾಸ್ಟಿಕ್ ಕವಚದ ಹಾಗೆ ಅದು ಸಂದೇಶ ಸೋರದಂತೆ, ವೇಗವಾಗಿ ಹರಿಯುವಂತೆ ಮಾಡುತ್ತದೆ. ಆ ಹೊದಿಕೆ ಕಟ್ಟುವ ಕೋಶಗಳು 24ರಿಂದ 32 ವಾರದ ನಡುವೆ ಇನ್ನೂ ಎಳೆಯವು. ರಕ್ತ ಕಡಿಮೆಯಾದರೆ, ತಾಯಿಯ ಗರ್ಭಚೀಲದ ಸೋಂಕೋ ಮಗುವಿನ ರಕ್ತದ ಸೋಂಕೋ ಉರಿಯೂತ ಎಬ್ಬಿಸಿದರೆ, ಮೊದಲು ಸಾಯುವುದು ಅಥವಾ ಬೆಳೆಯದೆ ನಿಲ್ಲುವುದು ಇವೇ.

ಕಾಲುಗಳ ಚಲನೆಯ ಆಜ್ಞೆ ಒಯ್ಯುವ ತಂತುಗಳು ವೆಂಟ್ರಿಕಲ್‌ಗಳಿಗೆ ಎಲ್ಲಕ್ಕಿಂತ ಹತ್ತಿರದಲ್ಲಿ ಹಾದುಹೋಗುತ್ತವೆ. ಕೈ ಮತ್ತು ಮುಖದ ತಂತುಗಳು ಸ್ವಲ್ಪ ದೂರದಲ್ಲಿವೆ. ಹಾನಿ ಕೋಣೆಯ ಸುತ್ತಲೇ ಆಗುವುದರಿಂದ ದಿನ ತುಂಬದ ಮಕ್ಕಳ ಸೆರೆಬ್ರಲ್ ಪಾಲ್ಸಿಯಲ್ಲಿ (ಮಿದುಳಿನ ಹಾನಿಯಿಂದ ಬರುವ ಚಲನೆಯ ತೊಂದರೆ) ಬಹಳ ಸಲ ಕಾಲುಗಳು ಬಿಗಿಯುತ್ತವೆ, ತುದಿಗಾಲ ನಡಿಗೆ ಬರುತ್ತದೆ. ಕೈ, ಮಾತು, ಬುದ್ಧಿ ಎಷ್ಟೋ ಮಕ್ಕಳಲ್ಲಿ ಚೆನ್ನಾಗಿಯೇ ಇರುತ್ತವೆ. ಕಾಲು ಬಿಗಿದಿದೆ ಎಂದರೆ ಬುದ್ಧಿಯೂ ಕಡಿಮೆ ಎಂದು ನೆಂಟರಿಷ್ಟರು ತೀರ್ಪು ಕೊಡುವುದು ಮಗುವಿಗೆ ಮಾಡುವ ದೊಡ್ಡ ಅನ್ಯಾಯ.

ಈ ಹಾನಿಯಿಂದ ಆಗುವ ಸಣ್ಣ ಗುಳ್ಳೆಗಳು ಸ್ಕ್ಯಾನಿನಲ್ಲಿ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಮೂರನೇ ದಿನದ ಒಂದೇ ಸ್ಕ್ಯಾನ್ ನೋಡಿ ‘ಮಿದುಳು ಚೆನ್ನಾಗಿದೆ’ ಎನ್ನಲಾಗದು. ನೆತ್ತಿಯ ಮೂಲಕ ಮಾಡುವ ಈ ಅಲ್ಟ್ರಾಸೌಂಡ್ ಮೊದಲ ವಾರದಲ್ಲಿ, ಮತ್ತೆ ಸುಮಾರು ನಾಲ್ಕನೇ ವಾರದಲ್ಲಿ, ಕೊನೆಗೆ ಹೆರಿಗೆಯ ನಿಗದಿತ ದಿನಾಂಕದ ಆಸುಪಾಸಿನಲ್ಲಿ ಆಗಬೇಕು. ಎಲ್ಲ ಸ್ಕ್ಯಾನ್ ಸರಿಯಿದ್ದೂ ಮುಂದೆ ತೊಂದರೆ ಕಾಣಬಹುದು. ಸ್ಕ್ಯಾನ್ ಕೆಟ್ಟದಾಗಿದ್ದೂ ಮಗು ನಿರೀಕ್ಷೆ ಮೀರಿ ಬೆಳೆಯಬಹುದು. ಚಿತ್ರಕ್ಕಿಂತ ಮಗುವಿನ ಚಲನವಲನ ಹೆಚ್ಚು ಹೇಳುತ್ತದೆ.

ಹೆರಿಗೆಗೆ ಮುಂಚಿನ ಗಂಟೆಗಳು: ಬೆಳಗಾವಿಯ ಎರಡು ಪ್ರಯೋಗ

ಮಗುವಿನ ಮಿದುಳಿಗೆ ಸಿಗುವ ಅತಿ ದೊಡ್ಡ ರಕ್ಷಣೆ ಅದು ಹುಟ್ಟುವ ಮೊದಲೇ ಸಿಗುತ್ತದೆ. ಬೇಗ ಹೆರಿಗೆಯಾಗುವ ಸೂಚನೆ ಕಂಡಾಗ ತಾಯಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡಿನ 6 ಮಿ.ಗ್ರಾಂನ ನಾಲ್ಕು ಚುಚ್ಚುಮದ್ದನ್ನು 12 ಗಂಟೆಗೊಂದರಂತೆ ಕೊಡುತ್ತಾರೆ. ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ, ಮಿದುಳಿನ ಆ ತೆಳು ನಾಳಗಳೂ ಗಟ್ಟಿಯಾಗುತ್ತವೆ. ನ್ಯೂಜಿಲೆಂಡಿನಲ್ಲಿ ಲಿಗಿನ್ಸ್ ಮತ್ತು ಹೋವಿ 1972ರಲ್ಲೇ ಸ್ಟೀರಾಯ್ಡ್‌ನ ಉಪಯೋಗ ತೋರಿಸಿದ್ದರು.

ಗೊಂದಲ ಬಂದದ್ದು 2015ರಲ್ಲಿ. ಬೆಳಗಾವಿ, ನಾಗಪುರ ಸೇರಿದಂತೆ ಆರು ದೇಶಗಳಲ್ಲಿ ನಡೆದ ಪ್ರಯೋಗವೊಂದರಲ್ಲಿ ಈ ಚುಚ್ಚುಮದ್ದನ್ನು ಹಳ್ಳಿ ಮಟ್ಟದವರೆಗೆ ಒಯ್ದಾಗ ತೀರಾ ಚಿಕ್ಕ ಮಕ್ಕಳ ಸಾವು ಇಳಿಯಲಿಲ್ಲ, ಒಟ್ಟಾರೆ ಶಿಶು ಮರಣ ಕೊಂಚ ಏರಿತು, ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚಿತು. ಮತ್ತೆ 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪ್ರಯೋಗ ಬಂತು. ಅದರಲ್ಲೂ ಬೆಳಗಾವಿ ಇತ್ತು. ಈ ಸಲ ನವಜಾತ ಶಿಶುಗಳ ಸಾವು ಶೇ 23.5ರಿಂದ ಶೇ 19.6ಕ್ಕೆ ಇಳಿಯಿತು. ಮದ್ದು ಅದೇ. ಬದಲಾದದ್ದು ಯಾರಿಗೆ, ಎಲ್ಲಿ ಕೊಟ್ಟರು ಎಂಬುದು. ಎರಡನೆಯದರಲ್ಲಿ ಅಲ್ಟ್ರಾಸೌಂಡಿನಿಂದ ವಾರ ಖಚಿತಪಡಿಸಿಕೊಂಡು, ತಾಯಿಗೆ ಸೋಂಕಿಲ್ಲವೆಂದು ನೋಡಿ, ಶಿಶುಗಳ ಆರೈಕೆ ಚೆನ್ನಾಗಿರುವ ಆಸ್ಪತ್ರೆಯಲ್ಲಿ ಕೊಟ್ಟಿದ್ದರು. ಮೊದಲನೆಯದರಲ್ಲಿ ಚುಚ್ಚುಮದ್ದು ಪಡೆದ ಎಷ್ಟೋ ಮಂದಿಗೆ ಬೇಗ ಹೆರಿಗೆಯೇ ಆಗಲಿಲ್ಲ.

ಇದರಿಂದ ಸಾಮಾನ್ಯ ಕುಟುಂಬಕ್ಕೆ ಸಿಗುವ ಪಾಠ ಸರಳ: ಮೊದಲ ಮೂರು ತಿಂಗಳೊಳಗೆ ಒಂದು ಸ್ಕ್ಯಾನ್ ಆಗಿರಬೇಕು, ಅದರ ದಿನಾಂಕ ತಾಯಿ ಕಾರ್ಡಿನಲ್ಲಿ ಇರಬೇಕು. ಏಳನೇ ತಿಂಗಳಲ್ಲಿ ನೋವು ಕಾಣಿಸಿಕೊಂಡಾಗ ವಾರ ಎಷ್ಟು ಎಂಬುದನ್ನು ಆಗ ಮಾಡುವ ಸ್ಕ್ಯಾನ್ ಅಷ್ಟು ನಿಖರವಾಗಿ ಹೇಳಲಾರದು.

32 ವಾರಕ್ಕೆ ಮೊದಲಿನ ಹೆರಿಗೆಯಾದರೆ ತಾಯಿಗೆ ಮೆಗ್ನೀಷಿಯಂ ಸಲ್ಫೇಟ್ ಕೊಡುವುದು ಮಿದುಳಿಗೆ ನೇರ ರಕ್ಷಣೆ. ಸಾಮಾನ್ಯವಾಗಿ 4 ಗ್ರಾಂ ಅನ್ನು 20 ನಿಮಿಷದಲ್ಲಿ, ನಂತರ ಗಂಟೆಗೆ 1 ಗ್ರಾಂ. ಅಮೆರಿಕದ 2008ರ ಪ್ರಯೋಗದಲ್ಲಿ ಮಧ್ಯಮ ಮತ್ತು ತೀವ್ರ ಸೆರೆಬ್ರಲ್ ಪಾಲ್ಸಿ ಶೇ 3.5ರಿಂದ 1.9ಕ್ಕೆ ಇಳಿದಿತ್ತು. ಅಗ್ಗದ ಮದ್ದು, ಬಸುರಿಯರ ಬಿಪಿ ಏರಿ ಫಿಟ್ಸ್ ಬಂದಾಗ ಕೊಡುವುದೂ ಇದನ್ನೇ, ಹಾಗಾಗಿ ತಾಲ್ಲೂಕು ಆಸ್ಪತ್ರೆಗಳಿಗೂ ಹೊಸದಲ್ಲ. ಮಗು ಹುಟ್ಟಿದ ಮೇಲೆ ಹೊಕ್ಕುಳಬಳ್ಳಿಯನ್ನು 30ರಿಂದ 60 ಸೆಕೆಂಡು ತಡೆದು ಕತ್ತರಿಸುವುದಕ್ಕೆ ಖರ್ಚೇ ಇಲ್ಲ. ಆದರೆ 28 ವಾರಕ್ಕೆ ಮೊದಲು ಹುಟ್ಟಿದವರಲ್ಲಿ ಬಳ್ಳಿಯನ್ನು ಹಿಂಡಿ ರಕ್ತ ನೂಕಬಾರದು. 2019ರ ಪ್ರಯೋಗದಲ್ಲಿ ಹಿಂಡಿದವರಲ್ಲಿ ತೀವ್ರ ರಕ್ತಸ್ರಾವ ಶೇ 22, ತಡೆದು ಕತ್ತರಿಸಿದವರಲ್ಲಿ ಶೇ 6 ಇತ್ತು. ಒಮ್ಮೆಲೇ ನುಗ್ಗಿದ ರಕ್ತ ಆ ತೆಳು ನಾಳಗಳಿಗೆ ಏನು ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ.

ಎಲ್ಲಕ್ಕಿಂತ ಮುಖ್ಯವಾದದ್ದು ಹೆರಿಗೆ ಎಲ್ಲಾಗುತ್ತದೆ ಎಂಬುದು. ಹುಟ್ಟಿದ ಮೇಲೆ ಮಗುವನ್ನು ಆಂಬುಲೆನ್ಸಿನಲ್ಲಿ ಸಾಗಿಸಿದಾಗ ಚಳಿ, ಕುಲುಕಾಟ, ಆಮ್ಲಜನಕದ ಏರಿಳಿತ ಮೂರೂ ಒಟ್ಟಿಗೆ ಬರುತ್ತವೆ. ಅಂಥ ಮಕ್ಕಳಲ್ಲಿ ರಕ್ತಸ್ರಾವ ಹೆಚ್ಚು. ಸಮಯವಿದ್ದರೆ ಒಂದು ಡೋಸ್ ಸ್ಟೀರಾಯ್ಡ್ ಕೊಟ್ಟು, ತಾಯಿಯನ್ನೇ ಎನ್‌ಐಸಿಯು ಇರುವ ಆಸ್ಪತ್ರೆಗೆ ಕಳಿಸಬೇಕು.

ಇನ್‌ಕ್ಯುಬೇಟರೋ, ತಾಯಿಯ ಎದೆಯೋ?

ಮಗುವನ್ನು ಬರಿಮೈಯಲ್ಲಿ ಎದೆಗಪ್ಪಿಕೊಂಡು ಬೆಚ್ಚಗಿಡುವ ಕ್ಯಾಂಗರೂ ಆರೈಕೆ ಕೊಲಂಬಿಯಾದ ಬೊಗೊಟಾದಲ್ಲಿ 1970ರ ದಶಕದ ಕೊನೆಯಲ್ಲಿ ಎಡ್ಗರ್ ರೇ ಮತ್ತು ಹೆಕ್ಟರ್ ಮಾರ್ಟಿನೆಜ್ ಎಂಬ ವೈದ್ಯರಿಂದ ಶುರುವಾದದ್ದು ಇನ್‌ಕ್ಯುಬೇಟರ್ ಸಾಲದೆ. ಬಹಳ ಕಾಲ ಅದನ್ನು ಬಡವರ ಚಿಕಿತ್ಸೆ ಎಂದೇ ನೋಡಿದರು. ಮಗು ಸ್ಥಿರವಾದ ಮೇಲಷ್ಟೇ ತಾಯಿಯ ಎದೆಗೆ ಕೊಡಬೇಕು ಎಂಬುದು ವಾಡಿಕೆಯಾಗಿತ್ತು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ ಮತ್ತು ಆಫ್ರಿಕಾದ ನಾಲ್ಕು ಆಸ್ಪತ್ರೆಗಳಲ್ಲಿ 1,000ದಿಂದ 1,799 ಗ್ರಾಂನ 3,211 ಮಕ್ಕಳ ಮೇಲೆ ನಡೆದ, 2021ರಲ್ಲಿ ಪ್ರಕಟವಾದ ಪ್ರಯೋಗ ಆ ವಾಡಿಕೆಯನ್ನು ತಲೆಕೆಳಗು ಮಾಡಿತು. ಹುಟ್ಟಿದ ಕೂಡಲೇ ಶುರುಮಾಡಿ ದಿನಕ್ಕೆ ಸುಮಾರು 17 ಗಂಟೆ ಎದೆಗಪ್ಪಿಕೊಂಡವರಲ್ಲಿ 28 ದಿನದೊಳಗಿನ ಸಾವು ಶೇ 12, ಹಳೆಯ ಪದ್ಧತಿಯಲ್ಲಿ ಶೇ 15.7. ವ್ಯತ್ಯಾಸ ಎಷ್ಟು ಸ್ಪಷ್ಟವಿತ್ತೆಂದರೆ ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಮಾರ್ಗಸೂಚಿಯನ್ನೇ ಬದಲಿಸಿತು.

ಸಾವು ಇಳಿದದ್ದು ನಿಜ, ಮಿದುಳಿಗೇನು ಲಾಭ ಎಂದು ವಿರೋಧಿಸುವವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ಇಲ್ಲಿ ಸಾಕ್ಷ್ಯ ಅಷ್ಟು ದಟ್ಟವಾಗಿಲ್ಲ. ಬೊಗೊಟಾದ ಮಕ್ಕಳನ್ನು 20 ವರ್ಷದ ನಂತರ ನೋಡಿದಾಗ ಕ್ಯಾಂಗರೂ ಆರೈಕೆ ಪಡೆದವರಲ್ಲಿ ಅತಿ ಚಟುವಟಿಕೆ, ಆಕ್ರಮಣಶೀಲತೆ ಕಡಿಮೆ ಇತ್ತು, ಶಾಲೆ ತಪ್ಪಿಸಿದ್ದೂ ಕಡಿಮೆ. ಬುದ್ಧಿಯನ್ನೇ ಬಹಳ ಏರಿಸುತ್ತದೆ ಎಂದು ಹೇಳುವುದು ಅತಿಶಯೋಕ್ತಿ. ಆದರೆ ಮೈ ತಣ್ಣಗಾಗುವುದು, ಸೋಂಕು, ಉಸಿರು ನಿಲ್ಲುವುದು ಮಿದುಳನ್ನು ಕೆಡಿಸುವ ದಾರಿಗಳಾದ್ದರಿಂದ ಅವನ್ನು ತಡೆದರೆ ಮಿದುಳಿಗೂ ಒಳ್ಳೆಯದೇ. ಮೊದಲ 72 ಗಂಟೆ ಅಲುಗಿಸಬಾರದು ಎಂಬುದಕ್ಕೂ ಇದಕ್ಕೂ ವಿರೋಧವಿಲ್ಲ. ಈ ಪ್ರಯೋಗದಲ್ಲಿ ಒಂದು ಕಿಲೋಗಿಂತ ಕಡಿಮೆಯ ಮಕ್ಕಳು ಇರಲಿಲ್ಲ.

ನಮ್ಮ ಕೊಪ್ಪಳ ಜಿಲ್ಲೆಯಲ್ಲಿ 2,000 ಗ್ರಾಂಗಿಂತ ಕಡಿಮೆಯ ಮಕ್ಕಳಿಗೆ ಇದನ್ನು ಸರ್ಕಾರಿ ಆಸ್ಪತ್ರೆಯಿಂದ ಮನೆಯವರೆಗೆ ಒಯ್ಯುವ ಪ್ರಯತ್ನ ನಡೆದಿದೆ. ಅಲ್ಲಿಂದ ತಿಳಿದದ್ದು ಏನೆಂದರೆ ತಾಯಿಗೆ ಒರಗಲು ಕುರ್ಚಿ, ಮಲಗಲು ಮಂಚ, ಊಟ, ಜತೆಗೊಬ್ಬರು ಇಲ್ಲದೆ ಬರಿಯ ಉಪದೇಶದಿಂದ ಗಂಟೆಗಳು ಕೂಡುವುದಿಲ್ಲ. ಮಗುವನ್ನು ಡೈಪರ್, ಟೋಪಿ, ಕಾಲುಚೀಲ ಬಿಟ್ಟು ಬರಿಮೈಯಲ್ಲಿ, ಎದೆಯ ನಡುವೆ ನೆಟ್ಟಗೆ, ಕಾಲು ಕಪ್ಪೆಯ ಭಂಗಿಯಲ್ಲಿ ಮಡಿಸಿ, ತಲೆ ಒಂದು ಬದಿಗೆ ತಿರುಗಿಸಿ ಕಟ್ಟಿಕೊಳ್ಳಬೇಕು. ಮೂಗು ಕಾಣುತ್ತಿರಬೇಕು. ಒಂದು ಸಲಕ್ಕೆ ಕನಿಷ್ಠ ಒಂದು ಗಂಟೆ, ದಿನಕ್ಕೆ ಎಂಟು ಗಂಟೆಗೆ ಕಡಿಮೆಯಾಗದಂತೆ. ಅಪ್ಪ, ಅಜ್ಜಿ, ಚಿಕ್ಕಮ್ಮ ಯಾರೂ ಮಾಡಬಹುದು.

ಹಾಲಿನ ಲೆಕ್ಕವನ್ನೂ ಹೇಳಬೇಕು. 1,200 ಗ್ರಾಂನ ಮಗುವಿಗೆ ದಿನಕ್ಕೆ ಕಿಲೋಗೆ 150 ಮಿ.ಲೀ.ನಂತೆ 180 ಮಿ.ಲೀ. ಹಾಲು ಬೇಕು, ಎರಡು ಗಂಟೆಗೊಮ್ಮೆ 15 ಮಿ.ಲೀ. ಹುಟ್ಟಿದ ದಿನವೇ ಅಷ್ಟು ಕೊಡುವುದಿಲ್ಲ, ಹಂತಹಂತವಾಗಿ ಏರಿಸುತ್ತಾರೆ. 34 ವಾರ ಆಗುವವರೆಗೆ ಹೀರುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಜೋಡಿಸಲು ಮಗುವಿಗೆ ಬರುವುದಿಲ್ಲ. ಆದ್ದರಿಂದ ಮೊದಲು ಕೊಳವೆ, ಆಮೇಲೆ ಒಳಲೆ. ಬಾಟಲಿ ಬೇಡ. ತಾಯಿ ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಹಾಲು ಹಿಂಡಲು ಶುರುಮಾಡಿ ರಾತ್ರಿಯೂ ಸೇರಿ ದಿನಕ್ಕೆ ಎಂಟು ಸಲ ಹಿಂಡಿದರೆ ಮಾತ್ರ ಹಾಲು ಬತ್ತುವುದಿಲ್ಲ. ಎದೆಹಾಲು ಕರುಳು ಕೊಳೆಯುವ ಭೀಕರ ಕಾಯಿಲೆಯನ್ನು ತಡೆಯುತ್ತದೆ, ಆ ಕಾಯಿಲೆ ಬಂದ ಮಕ್ಕಳ ಮಿದುಳೂ ಸೊರಗುತ್ತದೆ. ತಾಯಿಯ ಹಾಲು ಸಾಲದಿದ್ದರೆ ಬೆಂಗಳೂರಿನ ವಾಣಿ ವಿಲಾಸದಂಥ ಆಸ್ಪತ್ರೆಗಳಲ್ಲಿ ಎದೆಹಾಲಿನ ಬ್ಯಾಂಕ್ ಇದೆ.

ಎಷ್ಟು ವಾರದಿಂದ ಉಳಿಸಬೇಕು?

ಜಪಾನ್ ಮತ್ತು ಸ್ವೀಡನ್ನಿನಲ್ಲಿ 22 ವಾರದ ಮಗುವಿಗೂ ಪೂರ್ಣ ಚಿಕಿತ್ಸೆ ಕೊಡುತ್ತಾರೆ. ನೆದರ್‌ಲೆಂಡ್ಸ್ 24 ವಾರದಲ್ಲಿ ಗೆರೆ ಎಳೆದಿದೆ. ಭಾರತದಲ್ಲಿ ಇದು ಆಸ್ಪತ್ರೆಯಿಂದ ಆಸ್ಪತ್ರೆಗೆ ಬದಲಾಗುತ್ತದೆ, ಕುಟುಂಬದ ಕೈಯಲ್ಲಿರುವ ದುಡ್ಡಿನಿಂದಲೂ ಬದಲಾಗುತ್ತದೆ. 21 ವಾರದ ಒಂದು ಮಗು ಉಳಿದ ಸುದ್ದಿ ಅದೇ ವಾರದಲ್ಲಿ ಹುಟ್ಟಿ ಉಳಿಯದ ಮಕ್ಕಳ ಬಗ್ಗೆ ಏನೂ ಹೇಳುವುದಿಲ್ಲ. ಸುದ್ದಿ ನೋಡಿ ಮನೆ ಮಾರುವ ಕುಟುಂಬಕ್ಕೆ ಆ ಘಟಕದ ತನ್ನದೇ ಅಂಕಿಅಂಶ ಕೇಳುವ ಹಕ್ಕಿದೆ: ಈ ವಾರದ, ಈ ತೂಕದ ಎಷ್ಟು ಮಕ್ಕಳು ಹುಟ್ಟಿದವು, ಎಷ್ಟು ಉಳಿದವು, ಎರಡು ವರ್ಷಕ್ಕೆ ಹೇಗಿದ್ದವು? ಮೂರನೇ ಪ್ರಶ್ನೆಗೆ ಉತ್ತರವಿಲ್ಲದ ಘಟಕ ಮಗುವನ್ನು ಮನೆಗೆ ಕಳಿಸಿದ ಮೇಲೆ ಹಿಂಬಾಲಿಸುತ್ತಿಲ್ಲ ಎಂದರ್ಥ.

ಮನೆಗೆ ಬಂದ ಮೇಲೆ

ಇಲ್ಲಿಯೇ ನಾವು ಹೆಚ್ಚು ಕಳೆದುಕೊಳ್ಳುತ್ತಿರುವುದು. ಯಂತ್ರಗಳಿಗೆ ದುಡ್ಡು ಬರುತ್ತದೆ, ಡಿಸ್ಚಾರ್ಜ್ ಚೀಟಿಯ ಕೊನೆಯಲ್ಲಿ ಬರೆದ ಮರುಭೇಟಿಗಳು ಉದುರಿಹೋಗುತ್ತವೆ. ಬಸ್ಸಿನ ಖರ್ಚು, ತವರು ಮನೆಯಿಂದ ಗಂಡನ ಮನೆಗೆ ವಾಸ ಬದಲಾಗುವುದು, ಕೂಲಿ ತಪ್ಪುವುದು ಕಾರಣಗಳು. ಮಗು ನಗುತ್ತಿದೆಯಲ್ಲ ಎಂಬ ಸಮಾಧಾನವೂ ಒಂದು ಕಾರಣ.

ಮೊದಲು ವಯಸ್ಸಿನ ಲೆಕ್ಕ. 30 ವಾರಕ್ಕೆ ಹುಟ್ಟಿದ ಮಗು 10 ವಾರ ಮುಂಚೆ ಬಂದಿದೆ. ಅದಕ್ಕೆ ಆರು ತಿಂಗಳಾದಾಗ ಬೆಳವಣಿಗೆಯ ದೃಷ್ಟಿಯಿಂದ ವಯಸ್ಸು ಸುಮಾರು ಮೂರೂವರೆ ತಿಂಗಳು. ಎರಡು ವರ್ಷದವರೆಗೆ ಹೀಗೇ ಎಣಿಸಬೇಕು. ಲಸಿಕೆಗೆ ಮಾತ್ರ ಹುಟ್ಟಿದ ದಿನದ ಲೆಕ್ಕವೇ. ಪಕ್ಕದ ಮನೆಯ ಮಗುವಿನ ಜತೆ ಹೋಲಿಸಿ ಗಾಬರಿಯಾಗುವುದೂ, ‘ಬೇಗ ಹುಟ್ಟಿದ್ದಲ್ಲವೇ, ನಿಧಾನವಾಗಿ ಆಗುತ್ತೆ’ ಎಂದು ನಿಜವಾದ ತೊಂದರೆಯನ್ನು ತಳ್ಳಿಹಾಕುವುದೂ ಈ ಲೆಕ್ಕದಿಂದ ತಪ್ಪುತ್ತದೆ.

ಹೀಗೆ ತಿದ್ದಿದ ವಯಸ್ಸಿನ ಪ್ರಕಾರ ಮೂರು ತಿಂಗಳ ನಂತರವೂ ಮುಷ್ಟಿ ಸದಾ ಬಿಗಿದೇ ಇದ್ದರೆ, ಐದು ತಿಂಗಳಿಗೂ ಕತ್ತು ನಿಲ್ಲದಿದ್ದರೆ, ಹತ್ತು ತಿಂಗಳಿಗೂ ಕೂರದಿದ್ದರೆ, ವರ್ಷದೊಳಗೇ ಒಂದೇ ಕೈಯನ್ನು ಬಳಸುತ್ತಿದ್ದರೆ, ಎತ್ತಿದಾಗ ಕಾಲುಗಳು ಕತ್ತರಿಯಂತೆ ಹೆಣೆದುಕೊಂಡರೆ ಕಾಯಬಾರದು. ಮೂರರಿಂದ ಐದು ತಿಂಗಳ ನಡುವೆ ಮಲಗಿದ ಮಗು ಮೈಯೆಲ್ಲ ಸಣ್ಣದಾಗಿ, ಬಿಡದೆ ಆಡಿಸುತ್ತಿರುತ್ತದೆ. ಆ ಚಲನೆ ಇಲ್ಲದಿರುವುದನ್ನು ತರಬೇತಿ ಪಡೆದವರು ವಿಡಿಯೊ ನೋಡಿಯೇ ಗುರುತಿಸುತ್ತಾರೆ. ಸೆರೆಬ್ರಲ್ ಪಾಲ್ಸಿಯನ್ನು ಆರು ತಿಂಗಳೊಳಗೇ ಪತ್ತೆ ಹಚ್ಚಲು ಈಗ ಸಾಧ್ಯವಿದೆ. ತಲೆಯ ಸುತ್ತಳತೆ ಶುರುವಿನಲ್ಲಿ ವಾರಕ್ಕೆ ಅರ್ಧದಿಂದ ಒಂದು ಸೆಂ.ಮೀ. ಏರಬೇಕು. 1.25 ಸೆಂ.ಮೀ. ಮೀರುತ್ತಿದ್ದರೆ ದ್ರವ ಕಟ್ಟುತ್ತಿದೆಯೇ ಎಂದು ನೋಡಬೇಕು, ಏರದೇ ನಿಂತರೂ ನೋಡಬೇಕು. 2,000 ಗ್ರಾಂಗಿಂತ ಕಡಿಮೆ ಅಥವಾ 34 ವಾರಕ್ಕೆ ಮೊದಲು ಹುಟ್ಟಿದವರಿಗೆ 30 ದಿನದೊಳಗೆ ಕಣ್ಣಿನ ಅಕ್ಷಿಪಟಲದ ಪರೀಕ್ಷೆ, ತೀರಾ ಚಿಕ್ಕವರಿಗೆ ಇನ್ನೂ ಮುಂಚೆ, ಜತೆಗೆ ಕಿವಿ ಕೇಳಿಸುತ್ತದೆಯೇ ಎಂದು ತಿಳಿಯುವ ಬೆರಾ ಪರೀಕ್ಷೆ ಬಿಡುವಂತಿಲ್ಲ. ಕಾಣದ, ಕೇಳದ ಮಗುವಿನ ಮಿದುಳಿಗೆ ಕಲಿಯಲು ದಾರಿಯೇ ಇರುವುದಿಲ್ಲ. ಎರಡು ವಾರದಿಂದ ಕಬ್ಬಿಣದ ಹನಿ, ದಿನಕ್ಕೆ ಕನಿಷ್ಠ 400 ಯೂನಿಟ್ ವಿಟಮಿನ್ ಡಿ ವೈದ್ಯರು ಬರೆದಷ್ಟು ದಿನ ಕೊಡಬೇಕು.

ಬಾಣಂತನದ ಮನೆಯಲ್ಲಿ ಪ್ರೀತಿಯಿಂದಲೇ ಮಾಡುವ ಕೆಲವು ಕೆಲಸಗಳು ಈ ಮಕ್ಕಳಿಗೆ ಅಪಾಯ. ಸಾಂಬ್ರಾಣಿ ಹೊಗೆ ಎಳೆಯ ಶ್ವಾಸಕೋಶಕ್ಕೆ ವಿಷ, ಉಸಿರು ನಿಲ್ಲಿಸಬಹುದು. ಮೂಗಿಗೆ ಎಣ್ಣೆ ಬಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು, ಕಿವಿಗೂ ಬಿಡಬಾರದು. ಜೇನು, ಬಜೆ, ಸಕ್ಕರೆ ನೀರು ನೆಕ್ಕಿಸಬಾರದು. 2,500 ಗ್ರಾಂ ಆಗುವವರೆಗೆ ಎಣ್ಣೆನೀರಿನ ಸ್ನಾನದ ಬದಲು ಬಟ್ಟೆಯಲ್ಲಿ ಒರೆಸಿದರೆ ಸಾಕು.

ಮಿದುಳಿಗೆ ‘ಪ್ರಚೋದನೆ’ ಎಂದು ದುಬಾರಿ ಆಟಿಕೆ, ಕಾರ್ಡು, ವಿಡಿಯೊ ಮಾರುವವರಿದ್ದಾರೆ. ಶ್ರಮಪಟ್ಟು ನಡೆಸಿದ ಅಧ್ಯಯನಗಳು ಹೇಳುವುದು ಇಷ್ಟು: ಹೆತ್ತವರನ್ನೇ ತರಬೇತುಗೊಳಿಸಿ ಬೇಗ ಶುರುಮಾಡಿದ ಕಾರ್ಯಕ್ರಮಗಳಿಂದ ಬುದ್ಧಿಯ ಬೆಳವಣಿಗೆಗೆ ಶಾಲೆಗೆ ಸೇರುವ ಮುಂಚಿನ ವಯಸ್ಸಿನವರೆಗೂ ಲಾಭ ಕಂಡಿದೆ, ಚಲನೆಯಲ್ಲಿ ಲಾಭ ಕಡಿಮೆ. ಮಾತಾಡಿಸುವುದು, ಕಣ್ಣಿಗೆ ಕಣ್ಣು ಕೂಡಿಸುವುದು, ಎಚ್ಚರವಿದ್ದಾಗ ಹೊಟ್ಟೆಯ ಮೇಲೆ ಮಲಗಿಸಿ ಆಡಿಸುವುದು, ಲಾಲಿ ಹಾಡುವುದು ಆ ಕಾರ್ಯಕ್ರಮಗಳ ತಿರುಳು. ಸೆರೆಬ್ರಲ್ ಪಾಲ್ಸಿಗೆ ಕಾಂಡಕೋಶ (ಸ್ಟೆಮ್ ಸೆಲ್) ಚಿಕಿತ್ಸೆ ಎಂದು ಲಕ್ಷಗಟ್ಟಲೆ ಕೇಳುವ ಕೇಂದ್ರಗಳಿಂದ ದೂರ ಇರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆಯ ಕಸಿಯಂಥವನ್ನು ಬಿಟ್ಟರೆ ಉಳಿದದ್ದೆಲ್ಲ ಇನ್ನೂ ಪ್ರಯೋಗ. ಅದಕ್ಕೆ ರೋಗಿಯಿಂದ ಹಣ ಪಡೆಯುವಂತಿಲ್ಲ.

ಸರ್ಕಾರಿ ವ್ಯವಸ್ಥೆ ಕಾಗದದ ಮೇಲೆ ಚೆನ್ನಾಗಿಯೇ ಇದೆ. ಒಂದು ವರ್ಷದವರೆಗೆ ಕಾಯಿಲೆ ಬಿದ್ದ ಶಿಶುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಸಾರಿಗೆ ಉಚಿತ. ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾರೆ. 2013ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲೆಗಳಲ್ಲಿ ಶೀಘ್ರ ಮಧ್ಯಸ್ಥಿಕಾ ಕೇಂದ್ರಗಳಿವೆ. ಫಿಸಿಯೋಥೆರಪಿ, ಮಾತಿನ ತರಬೇತಿ ಅಲ್ಲಿ ಸಿಗಬೇಕು. ಸರ್ಕಾರಿ ಆಸ್ಪತ್ರೆಯ ನವಜಾತ ಶಿಶು ಆರೈಕೆ ಘಟಕದಿಂದ (ಎಸ್‌ಎನ್‌ಸಿಯು) ಮಗು ಹೊರಡುವಾಗಲೇ ಆ ಕೇಂದ್ರದ ಮೊದಲ ಭೇಟಿಯ ದಿನಾಂಕ, ಫೋನ್ ನಂಬರ್ ಚೀಟಿಯಲ್ಲಿ ಬರೆದು, ಆಶಾ ಕಾರ್ಯಕರ್ತೆಗೂ ತಿಳಿಸಿದರೆ ಎಷ್ಟೋ ಮಕ್ಕಳು ದಾರಿ ತಪ್ಪುವುದಿಲ್ಲ. ಇದಕ್ಕೆ ಹೊಸ ಯೋಜನೆಯೇನೂ ಬೇಡ.

ಒಂದನೇ ತರಗತಿಯ ಬಾಗಿಲಲ್ಲಿ

32 ವಾರಕ್ಕೆ ಮೊದಲು ಹುಟ್ಟಿದವರ ಐಕ್ಯೂ ದಿನ ತುಂಬಿ ಹುಟ್ಟಿದವರಿಗಿಂತ ಸರಾಸರಿ 11–12 ಅಂಕ ಕಡಿಮೆ ಎಂಬುದು ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಕಾಣುವ ಲೆಕ್ಕ. ಸರಾಸರಿ ಎಂಬುದನ್ನು ಮರೆಯಬಾರದು, ಒಬ್ಬೊಬ್ಬ ಮಗುವಿನದು ಬೇರೆಬೇರೆ. ಸೆರೆಬ್ರಲ್ ಪಾಲ್ಸಿ ಶೇ 5ರಿಂದ 10ರಷ್ಟು ಮಕ್ಕಳಲ್ಲಿ. ಉಳಿದವರಲ್ಲಿ ಕಾಣುವ ತೊಂದರೆ ಸಾಮಾನ್ಯವಾಗಿ ಗಣಿತ, ಗಮನ, ನಿಧಾನ ಬರವಣಿಗೆ, ಅತಿ ಸಂಕೋಚ. ಇವರನ್ನು ಶಾಲೆಯಲ್ಲಿ ಸೋಮಾರಿ ಎಂದು ಗದರಿಸುವುದೇ ಹೆಚ್ಚು, ಏಕೆಂದರೆ ಇವರು ಎನ್‌ಐಸಿಯುನಲ್ಲಿದ್ದವರು ಎಂಬುದು ಶಿಕ್ಷಕರಿಗೆ ತಿಳಿದಿರುವುದಿಲ್ಲ.

ಕರ್ನಾಟಕದಲ್ಲಿ ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂಬ ನಿಯಮವಿದೆ, 2025ರಲ್ಲಿ ಅದನ್ನು ಸಡಿಲಿಸಿದ್ದೂ ಉಂಟು. ನಿಯಮ ನೋಡುವುದು ಜನನ ಪ್ರಮಾಣಪತ್ರವನ್ನು. ಜೂನ್ ಮಧ್ಯದಲ್ಲಿ ಹುಟ್ಟಬೇಕಿದ್ದ ಮಗು ಮಾರ್ಚ್ ಮಧ್ಯದಲ್ಲಿ ಹುಟ್ಟಿದರೆ ಅದು ತನ್ನ ಸರಿಯಾದ ತಂಡಕ್ಕಿಂತ ಒಂದು ವರ್ಷ ಮೊದಲೇ ಶಾಲೆ ಸೇರುತ್ತದೆ, ತಿದ್ದಿದ ವಯಸ್ಸಿನ ಲೆಕ್ಕದಲ್ಲಿ ತರಗತಿಯ ಹೆಚ್ಚುಕಡಿಮೆ ಎಲ್ಲರಿಗಿಂತ ಎಳೆಯದಾಗಿರುತ್ತದೆ. ಅಂಥ ಮಗುವನ್ನು ಒಂದು ವರ್ಷ ತಡೆದು ಸೇರಿಸುವುದು ಹೆತ್ತವರ ಕೈಯಲ್ಲಿದೆ. ಸೇರಿಸುವ ಮುಂಚೆ, ಐದು ವರ್ಷದ ಹೊತ್ತಿಗೆ ಕಣ್ಣು, ಕಿವಿ, ಭಾಷೆ, ಗಮನದ ಒಂದು ಪೂರ್ಣ ತಪಾಸಣೆ ಮಾಡಿಸಿ, ಹುಟ್ಟಿದ ವಾರ ಬರೆದಿರುವ ಡಿಸ್ಚಾರ್ಜ್ ಚೀಟಿಯ ಪ್ರತಿಯೊಂದನ್ನು ತರಗತಿಯ ಶಿಕ್ಷಕರಿಗೆ ಕೊಡಬೇಕು.